ಪುಣೆಗೆ ಬಂದಿಳಿದ ಲಾರಿ ಚಾಲಕರಿಗೆ: ರಾತ್ರಿ ಮನೆ ಮುಟ್ಟಿಸುವ ಲೋಕಲ್ ಗಾಡಿ ಹಿಡಿಯುವ ದಾರಿ

ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ದುಡಿಮೆಗೆಂದು ಪುಣೆ, ಮುಂಬಯಿಗೆ ಹೋಗುವುದು ಹೊಸದೇನಲ್ಲ. ಆದರೆ ಸಂಸಾರ ಸಮೇತ ಹೋಗಿ ನೆಲೆಯೂರಿದ ಲಾರಿ ಚಾಲಕನ ಕಷ್ಟವೇ ಬೇರೆ. ಅವನಿಗೆ ಬೇಕಿರುವುದು ವಾರಗಟ್ಟಲೆ ಊರೂರು ಸುತ್ತಿಸುವ ಲೈನ್ ಗಾಡಿಯಲ್ಲ. ಬೆಳಿಗ್ಗೆ ಹೋಗಿ, ಮಕ್ಕಳು ಮಲಗುವ ಮುಂಚೆ ಮನೆ ಮುಟ್ಟಿಸುವ ಲೋಕಲ್ ಗಾಡಿ ಬೇಕು. ಲೈನಿನಲ್ಲಿ ಹದಿನೈದು ವರ್ಷ ಸ್ಟಿಯರಿಂಗ್ ಹಿಡಿದವರೂ ಹೊಸ ರಾಜ್ಯದಲ್ಲಿ ಇದಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತಾರೆ, ಓಡಿಸಲು ಬಾರದ್ದಕ್ಕಲ್ಲ. ಲೋಕಲ್ ಗಾಡಿಯ ಮಾಲೀಕ ನೋಡುವುದು ಮೂರು: ಲೈಸೆನ್ಸಿನ ದಿನಾಂಕ, ಯಾವ ಗೇಟಿಗೆ ಯಾವ ದಾರಿ ಎಂಬ ತಿಳಿವಳಿಕೆ, "ಈ ಮನುಷ್ಯ ನಂಬಿಗಸ್ತ" ಎಂದು ಹೇಳುವ ಒಬ್ಬ ಪರಿಚಿತ. ಮೊದಲನೆಯದನ್ನು ಊರಲ್ಲಿದ್ದಾಗಲೇ ಸರಿಮಾಡಿಕೊಳ್ಳಬಹುದು. ಉಳಿದೆರಡನ್ನು ಬದಲಿ ಕೆಲಸ, ಅಂದರೆ ಕಾಯಂ ಚಾಲಕ ರಜೆ ಹಾಕಿದ ದಿನ ಅವನ ಗಾಡಿ ಓಡಿಸುವ ಕೆಲಸ, ಮಾಡಿಯೇ ಸಂಪಾದಿಸಬೇಕು.

ಊರು ಬಿಡುವ ಮುನ್ನ

ಕರ್ನಾಟಕದ ಲೈಸೆನ್ಸ್ ಮಹಾರಾಷ್ಟ್ರದಲ್ಲಿ ನಡೆಯುತ್ತದೆಯೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ನಡೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಡಿ ಕೊಟ್ಟ ಲೈಸೆನ್ಸಿಗೆ ಇಡೀ ದೇಶದಲ್ಲಿ ಮಾನ್ಯತೆ ಇದೆ. "ಮಹಾರಾಷ್ಟ್ರದ ಲೈಸೆನ್ಸ್ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಎನ್ನುವ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಡವುವುದು ಇನ್ನೊಂದು ಕಡೆ. ನಿಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿ. ಅದರಲ್ಲಿ ಎರಡು ಮುಕ್ತಾಯದ ದಿನಾಂಕಗಳಿರುತ್ತವೆ. ಒಂದು ಎನ್‌ಟಿ, ಅಂದರೆ ಸ್ವಂತ ಕಾರು, ಬೈಕಿನದ್ದು. ಅದು ಎಷ್ಟೋ ವರ್ಷ ಮುಂದಿರುತ್ತದೆ. ಇನ್ನೊಂದು ಟಿಆರ್, ಅಂದರೆ ಸಾರಿಗೆ ವಾಹನದ್ದು. ಅದರ ಆಯುಸ್ಸು 5 ವರ್ಷ ಮಾತ್ರ. ಎನ್‌ಟಿ ದಿನಾಂಕ ನೋಡಿ "ನನ್ನದು ಇನ್ನೂ ಹತ್ತು ವರ್ಷ ಇದೆ" ಎಂದು ನೆಮ್ಮದಿಯಾಗಿರುವವರು ಬಹಳ ಜನ. ಟಿಆರ್ ಮುಗಿದ ಮಾರನೇ ದಿನದಿಂದಲೇ ನೀವು ಲಾರಿಯ ಪಾಲಿಗೆ ಲೈಸೆನ್ಸ್ ಇಲ್ಲದವರು. ಹಿಂದೆ 30 ದಿನದ ರಿಯಾಯಿತಿ ಇತ್ತು, 2019ರ ತಿದ್ದುಪಡಿಯಲ್ಲಿ ಅದು ಹೋಯಿತು. ಅಂಥ ಸಮಯದಲ್ಲಿ ಅಪಘಾತವಾದರೆ ವಿಮಾ ಕಂಪನಿ ಪರಿಹಾರದ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ನಿಲ್ಲುತ್ತದೆ. ಅನುಭವಿ ಮಾಲೀಕರು ಕಾರ್ಡ್ ಕೈಗೆ ಬಂದೊಡನೆ ಮೊದಲು ಆ ಸಾಲನ್ನೇ ಹುಡುಕುವುದು ಇದೇ ಕಾರಣಕ್ಕೆ.

ಮುಗಿಯುವ ದಿನಕ್ಕೆ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ಟಿಆರ್‌ಗೆ ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಊರಲ್ಲೇ ಮುಗಿಸಿಕೊಂಡು ಹೊರಡಿ. ಅರ್ಜಿ ಸರ್ಕಾರದ ಲೈಸೆನ್ಸ್ ಜಾಲತಾಣವಾದ ಸಾರಥಿಯಲ್ಲಿ, ಜೊತೆಗೆ ವೈದ್ಯರು ಸಹಿ ಹಾಕಿದ ಫಾರಂ 1ಎ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ. ಹೊಸ ಊರಿನಲ್ಲಿ ಗುರುತಿಲ್ಲದ ಟ್ರ್ಯಾಕಿನಲ್ಲಿ ಆ ತಲೆನೋವು ಬೇಡ.

ಹಳೆಯ ಪುಸ್ತಕದ ಲೈಸೆನ್ಸ್ ಇಟ್ಟುಕೊಂಡವರು ತಮ್ಮ ನಂಬರ್ ಸಾರಥಿಯಲ್ಲಿ ತೋರಿಸುತ್ತದೆಯೇ ನೋಡಿಕೊಳ್ಳಿ. ತೋರಿಸದಿದ್ದರೆ, ಅದನ್ನು ಕೊಟ್ಟ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ ದಾಖಲೆಗೆ ಏರಿಸಿಕೊಂಡು ಹೊರಡಿ. ಹಳೆಯ ರಿಜಿಸ್ಟರ್ ಇರುವುದು ಅಲ್ಲಿ, ಪುಣೆಯಲ್ಲಲ್ಲ. ದಾಖಲೆಗೆ ಏರಿದ ಮೇಲೆ ಡಿಜಿಲಾಕರ್‌ಗೂ ಇಳಿಸಿಕೊಳ್ಳಿ. ರಸ್ತೆಯಲ್ಲಿ ತಪಾಸಣೆಗೆ ಅದು ನಡೆಯುತ್ತದೆ.

ಸಣ್ಣ ಗಾಡಿಯವರಿಗೆ ಒಂದು ಮಾತು. ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನ ಓಡಿಸಬಹುದು, ಪ್ರತ್ಯೇಕ ಬ್ಯಾಡ್ಜ್ ಬೇಡ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಛೋಟಾ ಹಾಥಿ (ಟಾಟಾ ಏಸ್), ಬೊಲೆರೊ ಪಿಕಪ್, ದೋಸ್ತ್ ಇವೆಲ್ಲ ಇದರೊಳಗೆ ಬರುತ್ತವೆ. ಐಷರ್, 407 ಮಾದರಿಗಳಲ್ಲಿ ಮಾತ್ರ ಹೆಸರು ನೋಡಿ ತೀರ್ಮಾನಿಸಬೇಡಿ. ಆರ್‌ಸಿಯಲ್ಲಿ ಬರೆದ ತುಂಬಿದ ಗಾಡಿಯ ತೂಕ ಓದಿ. 7,500 ದಾಟಿದ್ದರೆ ಟಿಆರ್ ಬೇಕೇ ಬೇಕು.

ಇನ್ನು ಕಾಗದಗಳು. ಸೇವಾ ಸಿಂಧು ಮೂಲಕ ಊರಿನ ಪೊಲೀಸ್ ಪರಿಶೀಲನಾ ಪತ್ರ ತೆಗೆಸಿ. ಕಾರ್ಖಾನೆ ಗೇಟು, ಗೋದಾಮು, ತೈಲ ಡಿಪೊ ಎಲ್ಲೆಡೆ ಕೇಳುತ್ತಾರೆ. ಹಿಂದಿನ ಮಾಲೀಕರಿಂದ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಿ: ಎಷ್ಟು ವರ್ಷ, ಎಷ್ಟು ಚಕ್ರದ ಗಾಡಿ, ಯಾವ ಮಾಲು, ಕೆಳಗೆ ಅವರ ಫೋನ್ ನಂಬರ್. ಹೊಸ ಮಾಲೀಕ ಆ ಪತ್ರವನ್ನು ಓದುವುದಕ್ಕಿಂತ ಆ ನಂಬರಿಗೆ ಫೋನ್ ಮಾಡುವುದೇ ಹೆಚ್ಚು, ಆದ್ದರಿಂದ ಹಳೆಯ ಮಾಲೀಕರಿಗೆ ಮೊದಲೇ ಹೇಳಿಟ್ಟಿರಿ. ಪಿಎಫ್ ಕಟ್ಟುತ್ತಿದ್ದರೆ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ರಾಜ್ಯ ಬದಲಾದರೂ ಅದು ಬದಲಾಗುವುದಿಲ್ಲ, ಹೊಸ ನಂಬರ್ ತೆರೆಯಲು ಬಿಡಬೇಡಿ.

ವಿಳಾಸ

ಪುಣೆಯಲ್ಲಿ ಬಾಡಿಗೆ ಮನೆಗೆ ಮಾಡುವ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಮತ್ತು ಮಹಾರಾಷ್ಟ್ರದಲ್ಲಿ ಅದನ್ನು ನೋಂದಾಯಿಸುವುದು ಕಡ್ಡಾಯ. ಮನೆ ಮಾಲೀಕರು ಬರೀ ಛಾಪಾ ಕಾಗದದಲ್ಲಿ ಮುಗಿಸೋಣ ಎಂದರೆ ಒಪ್ಪಬೇಡಿ. ನೋಂದಾಯಿತ ಕರಾರಿದ್ದರೆ ಆಧಾರ್ ವಿಳಾಸ ಬದಲಿಸಬಹುದು, ಅದರಿಂದ ಲೈಸೆನ್ಸಿನ ವಿಳಾಸ ಬದಲಿಸಬಹುದು, ಮುಂದೆ ನವೀಕರಣವನ್ನು ಇಲ್ಲಿನ ಆರ್‌ಟಿಒದಲ್ಲೇ ಮಾಡಿಸಿಕೊಳ್ಳಬಹುದು. ಪುಣೆ ನಗರ ಎಂಎಚ್-12, ಪಿಂಪ್ರಿ-ಚಿಂಚವಾಡ ಎಂಎಚ್-14. ನಿಮ್ಮ ಮನೆ ಯಾವುದರ ವ್ಯಾಪ್ತಿಗೆ ಬರುತ್ತದೆ ಎಂದು ನೋಡಿ ಅಲ್ಲೇ ಹೋಗಿ. ರೇಷನ್ ಕಾರ್ಡ್ ಊರಿನದ್ದೇ ಇರಲಿ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯ ಇಲ್ಲಿಯೂ ಬೆರಳಚ್ಚು ಕೊಟ್ಟು ಸಿಗುತ್ತದೆ.

ಮನೆ ಎಲ್ಲಿ ಹಿಡಿಯಬೇಕು ಎಂಬುದನ್ನು ಬಾಡಿಗೆ ನೋಡಿ ಮಾತ್ರ ತೀರ್ಮಾನಿಸಬೇಡಿ. ಲೋಕಲ್ ಗಾಡಿ ಬೆಳಗಿನ ನಾಲ್ಕಕ್ಕೆ ಹೊರಡುವುದುಂಟು, ಆಗ ಬಸ್ಸಿಲ್ಲ. ಯಾರ್ಡಿನಿಂದ ಸೈಕಲ್ಲಿನಲ್ಲೋ ಬೈಕಿನಲ್ಲೋ ಇಪ್ಪತ್ತು ನಿಮಿಷದೊಳಗೆ ಮುಟ್ಟುವಂತಿದ್ದರೆ, ಯಾರೋ ಬರಲಿಲ್ಲವೆಂದು ಸೂಪರ್‌ವೈಸರ್ ಫೋನ್ ಮಾಡುವುದು ನಿಮಗೆ.

ಎಲ್ಲಿ ಯಾವ ಕೆಲಸ

ಪುಣೆಯ ಲೋಕಲ್ ಕೆಲಸವೆಲ್ಲ ಒಂದೇ ಬಗೆಯದಲ್ಲ. ಚಾಕಣ, ತಳೇಗಾವ, ರಾಂಜಣಗಾವಗಳಲ್ಲಿ ಮೋಟಾರು ಕಾರ್ಖಾನೆಗಳು ಮತ್ತು ಅವಕ್ಕೆ ಬಿಡಿಭಾಗ ಕೊಡುವ ಘಟಕಗಳಿವೆ. ಇಲ್ಲಿನ ಮುಖ್ಯ ಕೆಲಸಕ್ಕೆ ಮಿಲ್ಕ್ ರನ್ ಎನ್ನುತ್ತಾರೆ. ಹಾಲಿನವನು ಮನೆಮನೆ ಸುತ್ತುವಂತೆ ನಾಲ್ಕೈದು ಘಟಕಗಳಿಂದ ಬಿಡಿಭಾಗ ಎತ್ತಿ ದೊಡ್ಡ ಕಾರ್ಖಾನೆಯ ಡಾಕಿಗೆ, ಅಂದರೆ ಮಾಲು ಇಳಿಸುವ ಕಟ್ಟೆಗೆ, ಗೊತ್ತಾದ ಸಮಯಕ್ಕೆ ಮುಟ್ಟಿಸುವುದು. ದೂರ ಕಡಿಮೆ, ಗಡಿಯಾರದ ಕಾಟ ಹೆಚ್ಚು. ಮಕ್ಕಳೊಂದಿಗರಿಗೆ ಇದು ಒಳ್ಳೆಯ ಕೆಲಸ, ಏಕೆಂದರೆ ಶಿಫ್ಟ್ ಮುಗಿಯುವ ಹೊತ್ತು ಗೊತ್ತಿರುತ್ತದೆ. ಸೇಫ್ಟಿ ಬೂಟು, ಜಾಕೆಟ್, ಹೆಲ್ಮೆಟ್ ಇಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ಡಾಕಿಗೆ ಹಿಂದಿಟ್ಟ ಮೇಲೆ ಚಕ್ರಕ್ಕೆ ಅಡ್ಡ ಕೊಡಬೇಕು. ಹಲವೆಡೆ ಕೀಲಿಯನ್ನೂ ಒಪ್ಪಿಸಬೇಕು. ಇಲ್ಲಿ ಹೊಸಬರ ಸಂಬಳ ಕತ್ತರಿಸಿ ಹೋಗುವುದು ಖಾಲಿ ಬಿನ್‌ಗಳ ಲೆಕ್ಕದಲ್ಲಿ. ಬಿಡಿಭಾಗ ಇಳಿಸಿ ವಾಪಸು ತರುವ ಪ್ಲಾಸ್ಟಿಕ್ ಬಿನ್‌ಗಳನ್ನು ಎಣಿಸದೆ ಸಹಿ ಹಾಕಿದರೆ, ಕೊರತೆ ಬಿದ್ದದ್ದು ನಿಮ್ಮ ಹೆಸರಿಗೆ. ಕಾರ್ಖಾನೆಯ ಅಂಗಳದಲ್ಲೇ ಎಣಿಸಿ, ಬಣ್ಣ ಮತ್ತು ಅಳತೆ ಬೇರೆಬೇರೆಯಾಗಿ ಚಲನ್ ಮೇಲೆ ಬರೆಸಿ, ಆಮೇಲೆ ಸಹಿ ಹಾಕಿ.

ಸೋಲಾಪುರ ರಸ್ತೆಯ ಲೋಣಿ ಕಾಳಭೋರ್‌ನಲ್ಲಿ ತೈಲ ಡಿಪೊಗಳಿವೆ. ಪೆಟ್ರೋಲ್ ಟ್ಯಾಂಕರ್ ಓಡಿಸಲು ಲೈಸೆನ್ಸಿನಲ್ಲಿ ಅಪಾಯಕಾರಿ ಸರಕಿನ ನಮೂದು ಬೇಕು. ಅದಕ್ಕೆ ಮಾನ್ಯ ಸಂಸ್ಥೆಯಲ್ಲಿ 3 ದಿನದ ತರಬೇತಿ. ನಮೂದು 3 ವರ್ಷ ನಡೆಯುತ್ತದೆ, ಪ್ರತಿ ನವೀಕರಣಕ್ಕೆ ಒಂದು ದಿನದ ಪುನರ್ ತರಬೇತಿ. ಮೂರು ದಿನ ಖರ್ಚು ಮಾಡಲು ಜನ ಹಿಂದೆಮುಂದೆ ನೋಡುತ್ತಾರೆ. ನಮ್ಮ ಮಟ್ಟಿಗೆ ಹೊರರಾಜ್ಯದಿಂದ ಬಂದವರಿಗೆ ಇದಕ್ಕಿಂತ ಲಾಭದ ಮೂರು ದಿನ ಇಲ್ಲ. ಸಾಲಿನಲ್ಲಿ ನಿಂತ ಸಾಮಾನ್ಯ ಚಾಲಕರಲ್ಲಿ ಈ ನಮೂದು ಇರುವವರು ಕಡಿಮೆ, ಮತ್ತು ಅಲ್ಲಿ ಪರಿಚಯಕ್ಕಿಂತ ಕಾಗದಕ್ಕೆ ಬೆಲೆ.

ಕಾಂಕ್ರೀಟ್ ಮಿಕ್ಸರ್ ಮತ್ತು ಟಿಪ್ಪರ್ ಕೆಲಸ ನಗರ ಬೆಳೆಯುವ ಅಂಚಿನಲ್ಲೆಲ್ಲ ಇದೆ. ಕೆಲಸ ಸಿಗುವುದು ಸುಲಭ, ಆದರೆ ರಾತ್ರಿ ಪಾಳಿ ಹೆಚ್ಚು. ಟಿಪ್ಪರ್ ಟ್ರಿಪ್ ಲೆಕ್ಕದ್ದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಆದಾಯ ಬೀಳುತ್ತದೆ. ಮಳೆಗಾಲಕ್ಕೂ ತಿಂಗಳ ಸಂಬಳ ಉಂಟೇ ಎಂದು ಕೇಳಿಯೇ ಸೇರಿ. ಮಿಕ್ಸರ್‌ನವರು ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಪ್ಲಾಂಟಿನಲ್ಲಿ ತುಂಬಿದ ಕಾಂಕ್ರೀಟನ್ನು ಸಾಮಾನ್ಯವಾಗಿ 2 ಗಂಟೆಯೊಳಗೆ ಸುರಿಯಬೇಕು, ಐಎಸ್ 4926 ಮಾನದಂಡ ಹೇಳುವುದು ಇದನ್ನೇ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾಗಿ ಮುಟ್ಟಿದಾಗ ಮಾಲು ಗಟ್ಟಿಯಾಗಿರುತ್ತದೆ. ಸೈಟಿನ ಮೇಸ್ತ್ರಿ "ಸ್ವಲ್ಪ ನೀರು ಬಿಡಪ್ಪ" ಎನ್ನುತ್ತಾನೆ. ಬಿಡಬೇಡಿ. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ. 28ನೇ ದಿನ ಕ್ಯೂಬ್ ಟೆಸ್ಟಿನಲ್ಲಿ ಫೇಲಾದಾಗ ಚೀಟಿಯ ಮೇಲಿರುವುದು ನಿಮ್ಮ ಗಾಡಿ ನಂಬರ್. ಪ್ಲಾಂಟಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ, ಚೀಟಿಯ ಮೇಲೆ ಮುಟ್ಟಿದ ಹೊತ್ತು ಬರೆಸಿ.

ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನ ತರಕಾರಿ, ಹಣ್ಣಿನ ಗಾಡಿಗಳು ಮಧ್ಯರಾತ್ರಿಗೆ ಶುರುವಾಗಿ ಬೆಳಗಿಗೆ ಮುಗಿಯುತ್ತವೆ. ಹಾಲಿನ ಟ್ಯಾಂಕರಿಗೆ ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲ, ಆದರೆ ಕೆಲಸವೂ ನಿಲ್ಲುವುದಿಲ್ಲ. ವಾಘೋಲಿ ಕಡೆಯ ಗೋದಾಮುಗಳಲ್ಲಿ ಪಾರ್ಸೆಲ್ ಗಾಡಿ ಸಿಗುತ್ತದೆ, ದಿನಕ್ಕೆ ಎಷ್ಟು ನಿಲುಗಡೆ ಎಂದು ಕೇಳಿ ಒಪ್ಪಿಕೊಳ್ಳಿ.

ಕಂಟೇನರ್ ಬಗ್ಗೆ ಎಚ್ಚರ ಬೇಕು. ಪುಣೆಯಿಂದ ನ್ಹಾವಾ ಶೇವಾ ಬಂದರಿಗೆ ಹೋಗುವ ಟ್ರೇಲರನ್ನು "ಲೋಕಲ್ಲೇ, ನೂರೈವತ್ತು ಕಿಲೋಮೀಟರೂ ಇಲ್ಲ" ಎಂದು ಕೊಡುತ್ತಾರೆ. ದೂರ ನಿಜ. ಆದರೆ ಘಟ್ಟ ಇಳಿಯಬೇಕು, ಖಾಲಿ ಕಂಟೇನರ್ ಎತ್ತಲು ಒಂದು ಯಾರ್ಡಿನಲ್ಲಿ ಸಾಲು, ರಫ್ತಿನ ಮಾಲನ್ನು ಬಂದರಿನೊಳಗೆ ಬಿಡುವ ಅನುಮತಿಯಾದ ಫಾರಂ 13 ಬರುವವರೆಗೆ ಇನ್ನೊಂದೆಡೆ ಕಾಯುವುದು, ಬಂದರಿನ ಗೇಟಿನಲ್ಲಿ ಮತ್ತೆ ಸಾಲು. ಎರಡು ರಾತ್ರಿ ಕ್ಯಾಬಿನ್ನಿನಲ್ಲೇ ಕಳೆಯುವುದು ಅಪರೂಪವಲ್ಲ. ಲೋಕಲ್ ಎನ್ನುವುದನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. "ಕಳೆದ ತಿಂಗಳು ಈ ಗಾಡಿಯ ಡ್ರೈವರ್ ಎಷ್ಟು ರಾತ್ರಿ ಮನೆಯಲ್ಲಿ ಮಲಗಿದ?" ಎಂದು ಕೇಳಿ. ಮಾಲೀಕ ಹೇಳದಿದ್ದರೆ ಆ ಗಾಡಿಯ ಕ್ಲೀನರ್ ಹೇಳುತ್ತಾನೆ.

ಬದಲಿಯಾಗಿ ಒಳಗೆ ಹೋಗುವುದು

ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಗೆ ಹೋಗಿ ಒಂದೊಂದೇ ಕಚೇರಿಯ ಬಾಗಿಲಲ್ಲಿ "ಕೆಲಸ ಇದೆಯಾ" ಎಂದರೆ ಹತ್ತರಲ್ಲಿ ಒಂಬತ್ತು ಕಡೆ ಇಲ್ಲ ಎಂಬ ಉತ್ತರ. ಹೊರರಾಜ್ಯದ, ಗುರುತಿಲ್ಲದ ಕೈಗೆ ಲಕ್ಷಾಂತರ ರೂಪಾಯಿಯ ಗಾಡಿ, ಅದರ ಮೇಲೆ ಅಷ್ಟೇ ಬೆಲೆಯ ಮಾಲು ಯಾರೂ ಕೊಡುವುದಿಲ್ಲ. ಅದೇ ಬಾಗಿಲಲ್ಲಿ "ಬದಲಿಗೆ ಬರುತ್ತೇನೆ" ಎಂದು ಹೇಳಿ ನೋಡಿ, ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಕಾಯಂ ಡ್ರೈವರ್ ರಜೆ ಹಾಕಿದ ದಿನ ಗಾಡಿ ನಿಂತರೆ ಮಾಲೀಕನಿಗೆ ನಷ್ಟ, ಬದಲಿಯವನು ಆ ಒಂದು ದಿನಕ್ಕೆ ದೇವರು.

ಕಾಲ ನೋಡಿ ಹೋಗಬೇಕು. ಈ ಪಟ್ಟೆಯಲ್ಲಿ ಉತ್ತರ ಪ್ರದೇಶ, ಬಿಹಾರದ ಚಾಲಕರು ಬಹಳ. ಹೋಳಿಗೆ ಮತ್ತು ದೀಪಾವಳಿಯಿಂದ ಛಠ್ ಪೂಜೆ ಮುಗಿಯುವವರೆಗೆ ಅವರು ಊರಿಗೆ ಹೋಗುತ್ತಾರೆ, ಕೆಲವರು ಹೇಳಿದ ದಿನಕ್ಕೆ ಬರುವುದಿಲ್ಲ. ಮರಾಠಿ ಚಾಲಕರು ಗಣಪತಿ ಹಬ್ಬಕ್ಕೆ ರಜೆ ಹಾಕುತ್ತಾರೆ. ದೀಪಾವಳಿಗೆ ಎರಡು ವಾರ ಮುಂಚೆ ನಂಬರ್ ಕೊಟ್ಟು ಬಂದವರಿಗೆ ಆ ತಿಂಗಳಲ್ಲಿ ಬದಲಿ ತಪ್ಪುವುದಿಲ್ಲ. ಮಳೆಗಾಲದ ನಡುವೆ ಬಂದಿಳಿದರೆ ಕೈಯಲ್ಲಿ ಎರಡು ತಿಂಗಳ ಖರ್ಚು ಇರಲಿ.

ಬೆಳಿಗ್ಗೆ ಎಂಟರಿಂದ ಹತ್ತರ ಹೊತ್ತು ಒಳ್ಳೆಯದು. ಯಾವ ಗಾಡಿಗೆ ಡ್ರೈವರ್ ಬಂದಿಲ್ಲ ಎಂಬುದು ಆಗಲೇ ಗೊತ್ತಾಗಿರುತ್ತದೆ. ಕಚೇರಿಗಿಂತ ಮೊದಲು ಟೈರ್ ಪಂಕ್ಚರ್ ಅಂಗಡಿ, ಸ್ಪ್ರಿಂಗ್ ಪಟ್ಟಿ ಕೆಲಸದವರು, ಚಹಾ ಅಂಗಡಿ ಇಲ್ಲಿ ಮಾತಾಡಿ. ಅವರಿಗೆ ಯಾವ ಮಾಲೀಕ ಬಾಕಿ ಉಳಿಸಿಕೊಳ್ಳುತ್ತಾನೆ, ಯಾವ ಗಾಡಿಗೆ ತಿಂಗಳಿಗೊಬ್ಬ ಡ್ರೈವರ್ ಬದಲಾಗುತ್ತಾನೆ ಎಂಬುದೆಲ್ಲ ಗೊತ್ತು. ತಿಂಗಳಿಗೊಬ್ಬ ಬದಲಾಗುವ ಗಾಡಿಗೆ ಕಾರಣವಿರುತ್ತದೆ, ಅದನ್ನು ತಿಳಿಯದೆ ಹತ್ತಬೇಡಿ. ನಮ್ಮ ಕಡೆಯ ಜನ ಇಲ್ಲಿ ಇದ್ದೇ ಇರುತ್ತಾರೆ. ಒಬ್ಬ ಕನ್ನಡದ ಚಾಲಕ ಸಿಕ್ಕರೆ ಅವನ ಮಾಲೀಕನ ಹತ್ತಿರ ಒಂದು ಮಾತು ಹೇಳಿಸಿ. ಆದರೆ ನಿಮಗಾಗಿ ಬಾಯಿ ಬಿಟ್ಟವನ ಮಾನ ನಿಮ್ಮ ಕೈಯಲ್ಲಿರುತ್ತದೆ. ಮೊದಲ ವಾರ ತಡವಾಗಿ ಹೋದರೆ ಅವನ ಹೆಸರೂ ಕೆಡುತ್ತದೆ.

ಸಾಧ್ಯವಾದರೆ ಒಂದು ವಾರ, ಹತ್ತು ದಿನ ಕಾಯಂ ಚಾಲಕನ ಪಕ್ಕದ ಸೀಟಿನಲ್ಲಿ ಕುಳಿತು ಹೋಗಿ. ಬರೀ ಊಟಕ್ಕೆ ಕೊಟ್ಟರೂ ಸರಿ. ಲೋಕಲ್ ವಿದ್ಯೆ ಇರುವುದು ಅಲ್ಲಿ. ಯಾವ ಕಾರ್ಖಾನೆಗೆ ಎರಡನೇ ಗೇಟು, ಯಾವ ರೈಲ್ವೆ ಸೇತುವೆಯ ಎತ್ತರ ಕಂಟೇನರ್ ಗಾಡಿಗೆ ಸಾಲದು, ಎಲ್ಲಿ ಎಷ್ಟು ಹೊತ್ತಿಗೆ ಭಾರೀ ವಾಹನಕ್ಕೆ ನೋ ಎಂಟ್ರಿ. ನೋ ಎಂಟ್ರಿ ಸಮಯಗಳು ಪೊಲೀಸರ ಆದೇಶದಂತೆ ಬದಲಾಗುತ್ತವೆ, ಹಳೆಯ ಚಾಲಕನ ಮಾತನ್ನೂ ಪೂರ್ತಿ ನಂಬದೆ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ.

ಕೆಲಸ ಕೊಡಿಸಲು ಹಣ ಕೇಳುವ ಫೋನ್ ಕರೆಗಳೆಲ್ಲ ಮೋಸ. ದೊಡ್ಡ ಕಂಪನಿಯ ಹೆಸರು ಹೇಳಿ, ಸಮವಸ್ತ್ರಕ್ಕೆ ಅಥವಾ ಗೇಟ್ ಪಾಸಿಗೆ ಎಂದು ಸಾವಿರ, ಎರಡು ಸಾವಿರ ಮೊದಲು ಹಾಕಿಸಿಕೊಂಡು ಮಾಯವಾಗುತ್ತಾರೆ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಹೆಸರು ಬರೆಸಲು ಶುಲ್ಕವಿಲ್ಲ, ಚಾಲಕರ ಹುದ್ದೆಗಳೂ ಅದರಲ್ಲಿ ಬರುತ್ತವೆ. ಹಾಗೆಯೇ, ಯಾವ ಮಾಲೀಕನೇ ಕೇಳಲಿ, ಮೂಲ ಲೈಸೆನ್ಸನ್ನು ಅಡ ಇಡಬೇಡಿ. ಜೆರಾಕ್ಸ್ ಕೊಡಿ, ಮೂಲ ತೋರಿಸಿ, ಜೇಬಿಗೆ ಹಾಕಿಕೊಳ್ಳಿ.

ಸಂಬಳದ ಮಾತು

ತಿಂಗಳಿಗೆ ಇಷ್ಟು ಎಂಬ ಒಂದೇ ಅಂಕಿ ಕೇಳಿ ತಲೆಯಾಡಿಸಬೇಡಿ. ಗಂಟೆಗೆ ಭಾಗಿಸಿ ನೋಡಿ. ಉದಾಹರಣೆಗೆ ಒಬ್ಬರು 22,000 ಕೊಡುತ್ತಾರೆ, 12 ಗಂಟೆ ಪಾಳಿ, 26 ದಿನ. ಅಂದರೆ 312 ಗಂಟೆ, ಗಂಟೆಗೆ ಸುಮಾರು 70 ರೂಪಾಯಿ. ಇನ್ನೊಬ್ಬರು 18,000 ಕೊಡುತ್ತಾರೆ, 8 ಗಂಟೆ, ಅದೇ 26 ದಿನ. 208 ಗಂಟೆ, ಗಂಟೆಗೆ 86 ರೂಪಾಯಿಗೂ ಹೆಚ್ಚು. ಮೇಲೆ ದುಡಿದ ಗಂಟೆಗೆ ಎರಡನೆಯವರು ಓವರ್‌ಟೈಮ್ ಕೊಟ್ಟರಂತೂ ಕೈಗೆ ಬರುವ ಒಟ್ಟು ಹಣವೂ ಅಲ್ಲೇ ಹೆಚ್ಚಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಲೆಕ್ಕ ದಿನಕ್ಕೆ 8 ಗಂಟೆ, ವಾರಕ್ಕೆ 48. ಇದು ಕಾಗದದಲ್ಲೇ ಉಳಿದಿರುವ ಯಾರ್ಡುಗಳು ಬಹಳ ಎಂಬುದೂ ಸತ್ಯ. ಆದರೂ ಲೆಕ್ಕ ಬಲ್ಲ ಚಾಲಕನ ಹತ್ತಿರ ಮಾಲೀಕನ ಮಾತಿನ ಧಾಟಿ ಬೇರೆ ಇರುತ್ತದೆ.

ಅಂಕಿ ಒಪ್ಪಿಗೆಯಾದ ಮೇಲೆ ಕೇಳಬೇಕಾದವು ಇವು. ಭತ್ಯೆ ದಿನಕ್ಕೋ ಟ್ರಿಪ್ಪಿಗೋ, ಗಾಡಿ ನಿಂತ ದಿನವೂ ಉಂಟೋ. ನೋ ಎಂಟ್ರಿ ದಂಡ, ಟೋಲ್, ಪಾರ್ಕಿಂಗ್ ಯಾರದ್ದು. ಟೈರ್ ಸಿಡಿದರೆ, ಹಿಂಬದಿ ಲೈಟ್ ಒಡೆದರೆ ಯಾರದ್ದು. ಡೀಸೆಲ್ ಸರಾಸರಿ ಎಷ್ಟು ಕೇಳುತ್ತಾರೆ. ಲೈನಿನಲ್ಲಿ ಬರುವ ಮೈಲೇಜನ್ನು ಚಾಕಣ ಚೌಕದ ಜಾಮಿನಲ್ಲಿ ನಿಲ್ಲುವ ಗಾಡಿಯಿಂದ ಕೇಳಿದರೆ ಪ್ರತಿ ತಿಂಗಳು ಕಡಿತ ಖಚಿತ. ವಾರಾಯಿ ಯಾರು ಕೊಡುತ್ತಾರೆ. ಈ ಪದ ನಮ್ಮವರಿಗೆ ಹೊಸದು. ಮಾಲು ಹತ್ತಿಸಿ ಇಳಿಸುವುದಕ್ಕೆ ಗಾಡಿಯವರಿಂದ ಕೇಳುವ ಹಣಕ್ಕೆ ಇಲ್ಲಿ ವಾರಾಯಿ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಮಾಥಾಡಿ ಹಮಾಲರಿಗೆ 1969ರಿಂದ ಪ್ರತ್ಯೇಕ ಕಾನೂನೇ ಇದೆ. ಅವರು ಕೆಲಸ ಮಾಡುವ ಜಾಗದಲ್ಲಿ ನಾಲ್ಕು ಚೀಲ ತಾನೇ ಎಂದು ನೀವೇ ಇಳಿಸಲು ಕೈಹಾಕಿದರೆ ಜಗಳಕ್ಕೆ ದಾರಿ. ಹಣ ಕೊಟ್ಟರೆ ಚೀಟಿ ತೆಗೆದುಕೊಳ್ಳಿ, ಚೀಟಿ ಕೊಡದಿದ್ದರೆ ಕೊಡುವ ಮುಂಚೆಯೇ ಮಾಲೀಕರಿಗೆ ಫೋನ್ ಮಾಡಿ.

ಉಚಲ್ ಎಂದರೆ ಮುಂಗಡ. ಮನೆಯ ಡಿಪಾಸಿಟ್ಟಿಗೆ ಹಣ ಬೇಕಾಗಿರುವ ಹೊಸಬರಿಗೆ ಮಾಲೀಕರು ಧಾರಾಳವಾಗಿ ಕೊಡಲು ಬರುತ್ತಾರೆ. ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು ತೆಗೆದುಕೊಂಡರೆ ಆ ಗಾಡಿ ಬಿಡುವ ಸ್ವಾತಂತ್ರ್ಯ ಹೋಯಿತು ಎಂದೇ ಲೆಕ್ಕ. ಸಂಬಳ ಬ್ಯಾಂಕ್ ಖಾತೆಗೇ ಬರಲಿ. 20 ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ಅಂಥ ಕಡೆ ಯುಎಎನ್ ಕೊಟ್ಟು, ತಿಂಗಳ ನಂತರ ಹಣ ಜಮೆಯಾಗಿದೆಯೇ ನೋಡಿ.

ಗಾಡಿ ಕೈಗೆ ಬಂದ ದಿನ

ಕೀಲಿ ಕೊಟ್ಟ ಖುಷಿಯಲ್ಲಿ ನೇರ ಹೊರಟುಬಿಡಬೇಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಫಿಟ್ನೆಸ್, ವಿಮೆ, ಪಿಯುಸಿ, ಪರ್ಮಿಟ್ ದಿನಾಂಕ ನೋಡಿ. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಫಿಟ್ನೆಸ್ ಬೇಕು, ಬದಲಿ ಚಾಲಕರ ಕೈಗೆ ಬರುವುದು ಬಹುತೇಕ ಅಂಥವೇ. ಗಾಡಿಯ ನಾಲ್ಕೂ ಬದಿಯ ವಿಡಿಯೊ ತೆಗೆದು ಮಾಲೀಕರಿಗೆ ಅಲ್ಲೇ ಕಳುಹಿಸಿ. ಹಳೆಯ ಗೀರು, ಒಡೆದ ಇಂಡಿಕೇಟರ್, ಸವೆದ ಟೈರ್ ನಿಮ್ಮ ತಲೆಗೆ ಬರುವುದಿಲ್ಲ.

ಮಾಲಿನ ಕಾಗದದಲ್ಲಿ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯಡಿ ತೆಗೆಯುವ ಬಿಲ್) ಇದ್ದರೆ ಅದರ ಮೇಲಿನ ಗಾಡಿ ನಂಬರ್ ನಿಮ್ಮದೇ ಎಂದು ಓದಿ. ಕೊನೆ ಗಳಿಗೆಯಲ್ಲಿ ಗಾಡಿ ಬದಲಾಯಿಸಿ ಬಿಲ್ಲಿನಲ್ಲಿ ನಂಬರ್ ಬದಲಿಸಲು ಮರೆಯುವುದು ಲೋಕಲ್ ಕೆಲಸದಲ್ಲಿ ದಿನನಿತ್ಯ ನಡೆಯುತ್ತದೆ, ರಸ್ತೆಯಲ್ಲಿ ಗಾಡಿ ತಡೆದು ನಿಲ್ಲಿಸುವುದು ಅದಕ್ಕೇ. ತೂಕದಲ್ಲಿ ಅನುಮಾನವಿದ್ದರೆ ಮೊದಲ ಕಾಟಾದಲ್ಲೇ ತೂಗಿಸಿ. ಹೆಚ್ಚು ಮಾಲಿಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ದಂಡ ಮಾಲೀಕ ಕಟ್ಟಬಹುದು, ಆದರೆ ಲೈಸೆನ್ಸ್ ಅಮಾನತಾದರೆ ಮನೆಯಲ್ಲಿ ಕೂರುವವರು ನೀವು.

ಲೈನ್ ಗಾಡಿಯಿಂದ ಬಂದವರು ಬಿಎಸ್6 ಗಾಡಿಯಲ್ಲಿ ಮಾಡುವ ತಪ್ಪು ಒಂದಿದೆ. 2020ರ ಏಪ್ರಿಲ್ ನಂತರದ ಈ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಎಕ್ಸಾಸ್ಟ್ ಕಾದು ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ, ಹಾಗಾಗಿ ಲೈನಿನವರಿಗೆ ಆ ದೀಪದ ಗೊಡವೆಯೇ ಇರುವುದಿಲ್ಲ. ಲೋಕಲ್‌ನಲ್ಲಿ ಎರಡು ಕಿಲೋಮೀಟರ್ ಹೋಗಿ ನಿಲ್ಲುವುದು, ಜಾಮಿನಲ್ಲಿ ಎಂಜಿನ್ ಸುಮ್ಮನೆ ಓಡುವುದು. ಎಕ್ಸಾಸ್ಟ್ ಕಾಯುವುದೇ ಇಲ್ಲ, ಮಸಿ ತುಂಬುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಬಂದಾಗ ಹುಲ್ಲು, ಕಸ, ಚಿಂದಿ ಇಲ್ಲದ ಬಯಲಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಮಸಿ ಸುಡುವ ರೀಜೆನ್ ಬಟನ್ ಒತ್ತಿ. ಎಂಜಿನ್ ತಾನಾಗಿ ಏರಿ ಅರ್ಧ ಗಂಟೆಯ ಸುಮಾರಿಗೆ ಮುಗಿಸುತ್ತದೆ. ನಡುವೆ ಆಫ್ ಮಾಡಬೇಡಿ, ಸೈಲೆನ್ಸರ್ ಹತ್ತಿರ ಯಾರನ್ನೂ ಬಿಡಬೇಡಿ. ಆಮೇಲೆ ನೋಡೋಣ ಎಂದು ಎರಡು ದಿನ ತಳ್ಳಿದರೆ ಗಾಡಿಯ ಬಲ ಇಳಿದು ಆಮೆ ನಡಿಗೆಗೆ ಬರುತ್ತದೆ. ಆಗ ಕಂಪನಿ ವರ್ಕ್‌ಶಾಪೇ ಗತಿ. ಹಾಗೆಯೇ ಹೊಗೆ ಶುದ್ಧ ಮಾಡುವ ಡಿಇಎಫ್ ದ್ರವದ ನೀಲಿ ಮುಚ್ಚಳದ ಟ್ಯಾಂಕಿಗೆ ನೀರು ಹಾಕುವುದು, ಆ ದ್ರವವನ್ನು ಡೀಸೆಲ್ ಟ್ಯಾಂಕಿಗೆ ಸುರಿಯುವುದು: ಎರಡೂ ಗಾಡಿಯನ್ನು ಮಲಗಿಸುತ್ತವೆ. ಕತ್ತಲಲ್ಲಿ ತುಂಬುವಾಗ ಮೊಬೈಲ್ ಬೆಳಕು ಬಿಟ್ಟು ಮುಚ್ಚಳ ನೋಡಿ.

ಗೇಟಿನ ಮರಾಠಿ

ಹಿಂದಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ಹತ್ತಿಪ್ಪತ್ತು ಮರಾಠಿ ಮಾತು ಬಂದರೆ ಗೇಟಿನ ಮನುಷ್ಯನ ಮುಖವೇ ಬದಲಾಗುತ್ತದೆ. ಹಿಂದೆ ತೆಗೆದುಕೋ ಎನ್ನಲು ಮಾಗೆ ಘೇ, ನಿಲ್ಲು ಎನ್ನಲು ಥಾಂಬ್, ಎಡಕ್ಕೆ ಡಾವೀಕಡೆ, ಬಲಕ್ಕೆ ಉಜವೀಕಡೆ, ಖಾಲಿ ಗಾಡಿ ಎಂದರೆ ರಿಕಾಮಿ ಗಾಡಿ. ರಿವರ್ಸ್ ಹಾಕುವಾಗ ಡಾವೀಕಡೆ, ಉಜವೀಕಡೆ ತಲೆಯಲ್ಲಿ ಅದಲುಬದಲಾದರೆ ಗೋಡೆಗೆ ಹೋಗಿ ನಿಲ್ಲುತ್ತೀರಿ, ಇವೆರಡನ್ನು ಬಾಯಿಪಾಠ ಮಾಡಿ.

ಪಗಾರ, ಕಾಟಾ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಮೋಸ ಮಾಡುವ ಪದ ಪಾವತಿ. ಕನ್ನಡದಲ್ಲಿ ಪಾವತಿ ಎಂದರೆ ಹಣ ಕಟ್ಟುವುದು, ಮರಾಠಿಯಲ್ಲಿ ಪಾವತೀ ಎಂದರೆ ರಸೀದಿ. ಸೆಕ್ಯೂರಿಟಿಯವನು "ಪಾವತೀ ದಾಖವಾ" ಎಂದಾಗ ಹಣ ಕೇಳುತ್ತಿದ್ದಾನೆಂದು ಜೇಬಿಗೆ ಕೈಹಾಕಬೇಡಿ, ಚೀಟಿ ತೋರಿಸಿ. ಇನ್ನೊಂದು ಪರವಾ. ಅದು ನಾಡಿದ್ದೂ ಹೌದು, ಮೊನ್ನೆಯೂ ಹೌದು. "ಪರವಾ ಲೋಡ್" ಎಂದರೆ ತಾರೀಖು ಕೇಳಿ ಬರೆದುಕೊಳ್ಳಿ. ಮಾಲು ಇಳಿಸಿದ ಮೇಲೆ ಚಲನ್ ಮೇಲೆ ಸಹಿ, ಮೊಹರು, ಹೊತ್ತು ಮೂರೂ ಇವೆಯೇ ನೋಡಿ, ಫೋಟೊ ತೆಗೆದು ಕಚೇರಿಗೆ ಅಲ್ಲಿಂದಲೇ ಕಳುಹಿಸಿ. ಮಾಲೀಕನಿಗೆ ಬಾಡಿಗೆ ಬರುವುದು ಆ ಕಾಗದದ ಮೇಲೆ. ಅದನ್ನು ಸುಕ್ಕಾಗದಂತೆ ದಿನವೂ ತಂದುಕೊಡುವ ಬದಲಿ ಚಾಲಕನನ್ನು ಯಾರೂ ಬಹಳ ದಿನ ಬದಲಿಯಾಗಿ ಇಟ್ಟುಕೊಳ್ಳುವುದಿಲ್ಲ.

ಸ್ವಂತ ಕೆಎ ಗಾಡಿ ತಂದವರಿಗೆ

ಊರಿನಲ್ಲಿದ್ದ ಸ್ವಂತ ಗಾಡಿಯನ್ನೇ ತಂದು ಪುಣೆಯಲ್ಲಿ ಲೋಕಲ್ ಬಾಡಿಗೆ ಹೊಡೆಯಬಹುದು ಎಂದುಕೊಂಡವರು ಇದನ್ನು ಓದಿ. ನ್ಯಾಷನಲ್ ಪರ್ಮಿಟ್ ಇದ್ದರೂ ಕೆಎ ಗಾಡಿ ಮಹಾರಾಷ್ಟ್ರದೊಳಗೇ ಒಂದು ಊರಿನಲ್ಲಿ ಮಾಲು ಎತ್ತಿ ಮಹಾರಾಷ್ಟ್ರದ ಇನ್ನೊಂದು ಊರಿನಲ್ಲಿ ಇಳಿಸುವಂತಿಲ್ಲ. ಪುಣೆಯಿಂದ ಬೆಳಗಾವಿಗೆ ಒಯ್ಯಬಹುದು, ಚಾಕಣದಿಂದ ರಾಂಜಣಗಾವಕ್ಕೆ ಅಲ್ಲ. ಲೋಕಲ್ ಮಾಡಬೇಕಾದರೆ ಊರಿನ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ತೆಗೆದು, ಇಲ್ಲಿ ಮರುನೋಂದಣಿ ಮಾಡಿಸಿ, ಇಲ್ಲಿನ ತೆರಿಗೆ ಕಟ್ಟಿ, ಇಲ್ಲಿನ ಪರ್ಮಿಟ್ ಪಡೆಯಬೇಕು. ಲೋಕಲ್ ಮಾಡದಿದ್ದರೂ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಹೊಸ ನಂಬರಿಗೆ ಅರ್ಜಿ ಹಾಕಲೇಬೇಕು. ಬ್ಯಾಂಕ್ ಸಾಲ ಬಾಕಿ ಇದ್ದರೆ ಅವರ ಒಪ್ಪಿಗೆ ಪತ್ರವಿಲ್ಲದೆ ಮೊದಲ ಹೆಜ್ಜೆಯೇ ಆಗುವುದಿಲ್ಲ, ಗಾಡಿಯ ಮೇಲೆ ಬಾಕಿ ಚಲನ್ ಇದ್ದರೂ ಅರ್ಜಿ ನಿಲ್ಲುತ್ತದೆ. ಐದಾರು ವರ್ಷ ದಾಟಿದ ಗಾಡಿಗೆ ಇಷ್ಟು ಖರ್ಚು ಮಾಡುವುದಕ್ಕಿಂತ ಊರಲ್ಲೇ ಮಾರಿ, ಎಂಎಚ್ ನಂಬರಿನ ಹಳೆಯ ಗಾಡಿ ಕೊಳ್ಳುವುದು ಎಷ್ಟೋ ಸಲ ಅಗ್ಗ. ಎರಡೂ ಕಡೆಯ ಖರ್ಚನ್ನು ಕಾಗದದಲ್ಲಿ ಬರೆದು ಕೂಡಿಸಿದ ಮೇಲೆಯೇ ಗಾಡಿಯನ್ನು ಗಡಿ ದಾಟಿಸಿ.